ಗಿಟಾರ್ ಪಿಕ್ ಆರಿಸೋದು ಹೇಗೆ? ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಎಸ್.ಎಸ್. ಪುರಂ, ಅಶೋಕನಗರ, ಕ್ಯಾತ್ಸಂದ್ರದ ಕಡೆಯಿಂದ ಗಿಟಾರ್ ಹೆಗಲಿಗೆ ಹಾಕಿಕೊಂಡು ಕಲಿಯೋಕೆ ಬರುವವರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಗ್ಗೆ ಕೇಳೋದಕ್ಕಿಂತ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಚೂರಿನ ಬಗ್ಗೆ ಕೇಳೋದೇ ಜಾಸ್ತಿ. ಯಾವುದು ತಗೊಳ್ಳಲಿ, ಯಾಕೆ ಜಾರುತ್ತೆ, ಯಾಕೆ ಇಷ್ಟು ಬೇಗ ಸವೆಯುತ್ತೆ ಅಂತ. ಹೇಳಿ ಹೇಳಿ ಬಾಯಿಪಾಠವಾದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಒಂದು ಚೂರು ಪ್ಲಾಸ್ಟಿಕ್‌ಗೆ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ತಂತಿಗೆ ಮೊದಲು ತಾಗೋದೇ ಪಿಕ್. ಗಿಟಾರ್‌ನ ಮರ, ತಂತಿ, ಆಂಪ್ಲಿಫೈಯರ್ ಎಲ್ಲ ಆಮೇಲೆ. ಸದ್ದು ಚೆನ್ನಾಗಿಲ್ಲ ಅಂತ ಹೊಸ ಗಿಟಾರ್‌ಗೆ ಮನೆಯಲ್ಲಿ ಹಟ ಹಿಡಿಯುವವರನ್ನು ನೋಡಿದ್ದೇನೆ. ಅವರ ಕೈಯಲ್ಲಿ ಗಿಟಾರ್ ಜೊತೆ ಪುಕ್ಕಟೆ ಬಂದ ತೆಳು ಪಿಕ್ ಇರುತ್ತದೆ. ಮೊದಲು ಅದನ್ನು ಬದಲಿಸಿ ನೋಡಿ. ಗಿಟಾರ್ ಸದ್ದು ಬದಲಿಸೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಅನುಮಾನ ಇದ್ದರೆ ಫೋನ್ ರೆಕಾರ್ಡರ್ ಆನ್ ಮಾಡಿ. ಅದೇ ಗಿಟಾರ್, ಅದೇ ಜಿ ಕಾರ್ಡ್. ಒಮ್ಮೆ 0.46 ಮಿ.ಮೀ. ಪಿಕ್‌ನಲ್ಲಿ, ಒಮ್ಮೆ 1 ಮಿ.ಮೀ. ಪಿಕ್‌ನಲ್ಲಿ ಬಾರಿಸಿ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಎರಡು ಬೇರೆ ಬೇರೆ ಗಿಟಾರ್ ಅನ್ನಿಸುತ್ತದೆ.

ನಾನು ಈಗಷ್ಟೇ ಶುರು ಮಾಡಿದ್ದೇನೆ. ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

0.70ರಿಂದ 0.75 ಮಿ.ಮೀ. ಒಳಗಿನದು, ಮಾಮೂಲಿ ಆಕಾರದ್ದು (ಮೂಲೆ ದುಂಡಾದ ತ್ರಿಕೋನ), ಮೇಲ್ಮೈ ನುಣುಪಾಗಿ ಹೊಳೆಯದೆ ಸ್ವಲ್ಪ ಮಂಕಾಗಿರುವುದು. ಅಕೌಸ್ಟಿಕ್ ಗಿಟಾರ್‌ನಲ್ಲಿ ಸ್ಟ್ರಮ್ಮಿಂಗ್ (ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸೋದು) ಕಲಿಯೋಕೆ, ಒಂದೊಂದೇ ಸ್ವರ ನುಡಿಸೋಕೆ ಎರಡಕ್ಕೂ ನಡೆಯುತ್ತದೆ. ಒಂದೇ ತರದ್ದು ಮೂರು ತಗೊಳ್ಳಿ, ಯಾಕೆಂದರೆ ಒಂದು ಹೇಗೂ ಸೋಫಾ ಸಂದಿಗೆ ಹೋಗುತ್ತದೆ. ಎರಡು ಮೂರು ತಿಂಗಳು ಬೇರೆ ಪಿಕ್ ಮುಟ್ಟಬೇಡಿ. ಕೈಗೆ ಒಂದು ಅಳತೆ ರೂಢಿಯಾದ ಮೇಲೆ ತೆಳು, ದಪ್ಪ ಅನ್ನೋದು ನಿಮಗೇ ಗೊತ್ತಾಗುತ್ತದೆ.

ಥಿನ್, ಮೀಡಿಯಂ, ಹೆವಿ ಅಂತ ಬರೆದಿರುತ್ತಾರಲ್ಲ, ಅದನ್ನು ನಂಬಬಹುದಾ?

ಅಂದಾಜಿಗೆ ಮಾತ್ರ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಗೆ ಥಿನ್ ಆಗಿರಬಹುದು. ಹಾಗಾಗಿ ಮಿಲಿಮೀಟರ್ ನೋಡಿ ತಗೊಳ್ಳಿ. ಹೆಚ್ಚುಕಮ್ಮಿ ಹೀಗಿರುತ್ತದೆ: 0.40ರಿಂದ 0.60ರವರೆಗೆ ತೆಳು, 0.60ರಿಂದ 0.80ರವರೆಗೆ ಮೀಡಿಯಂ, ಅಲ್ಲಿಂದ 1.2ರವರೆಗೆ ಹೆವಿ. 1.5 ದಾಟಿದರೆ ಬಗ್ಗೋದೇ ಇಲ್ಲ. 3 ಮಿ.ಮೀ. ಪಿಕ್‌ಗಳೂ ಇವೆ.

ಕೆಲವು ಕಂಪನಿಗಳು ಬಣ್ಣದಲ್ಲೇ ದಪ್ಪ ಹೇಳುತ್ತವೆ. 1981ರಲ್ಲಿ ಬಂದ ಡನ್‌ಲಪ್ ಟಾರ್ಟೆಕ್ಸ್‌ನಲ್ಲಿ ಕೆಂಪು 0.50, ಕಿತ್ತಳೆ 0.60, ಹಳದಿ 0.73, ಹಸಿರು 0.88, ನೀಲಿ 1.0, ನೇರಳೆ 1.14. ನಮ್ಮ ಹುಡುಗರು 'ಹಳದಿ ಇದೆಯಾ, ಹಸಿರು ಇದೆಯಾ' ಅಂತಲೇ ಅಂಗಡಿಯಲ್ಲಿ ಕೇಳುತ್ತಾರೆ. ಆದರೆ ಬೇರೆ ಕಂಪನಿಯ ಹಳದಿ 0.73 ಆಗಿರಬೇಕು ಅಂತೇನಿಲ್ಲ. ಬರೆದಿರೋ ಅಂಕಿ ಓದಿ.

ದಪ್ಪ ಬದಲಾದರೆ ಸದ್ದು ಯಾಕೆ ಬದಲಾಗುತ್ತದೆ?

ತೆಳು ಪಿಕ್ ತಂತಿಗೆ ತಾಗಿದಾಗ ತಾನೇ ಬಗ್ಗುತ್ತದೆ. ತಂತಿ ಹೆಚ್ಚು ದೂರ ಸರಿಯೋದಿಲ್ಲ. ಹಾಗಾಗಿ ಕೆಳಗಿನ ಸ್ವರದ ತೂಕ ಕಮ್ಮಿಯಾಗಿ, ಮೇಲಿನ ಚುರುಕು ಸದ್ದು ಮುಂದೆ ಬರುತ್ತದೆ. ಜೊತೆಗೆ ಪಿಕ್ ವಾಪಸ್ ಹೊಡೆಯುವ 'ಟಪ್ ಟಪ್' ಸದ್ದೂ ಸೇರುತ್ತದೆ. ದಪ್ಪ ಪಿಕ್ ಬಗ್ಗೋದಿಲ್ಲ, ತಂತಿಯನ್ನೇ ತಳ್ಳುತ್ತದೆ. ನಿಮ್ಮ ಕೈ ಕೊಟ್ಟ ಬಲವೆಲ್ಲ ತಂತಿಗೆ ಹೋಗುತ್ತದೆ. ಸದ್ದು ತುಂಬಿಕೊಂಡು, ಜೋರಾಗಿ ಬರುತ್ತದೆ.

ಅದರ ಇನ್ನೊಂದು ಮುಖ: ತೆಳು ಪಿಕ್ ನಿಮ್ಮ ತಪ್ಪುಗಳನ್ನು ಮುಚ್ಚಿಹಾಕುತ್ತದೆ, ದಪ್ಪ ಪಿಕ್ ಎಲ್ಲವನ್ನೂ ಬಯಲು ಮಾಡುತ್ತದೆ. ಕೈ ಸ್ವಲ್ಪ ಜೋರಾದರೂ ಆ ಒಂದು ತಂತಿ ಕಿರುಚುತ್ತದೆ. ಅದಕ್ಕೇ ಸ್ಟ್ರಮ್ಮಿಂಗ್‌ನಲ್ಲಿ 1 ಮಿ.ಮೀ. ಮೇಲಿನ ಪಿಕ್ ಹಿಡಿದವರು ಅದನ್ನು ಸಡಿಲವಾಗಿ ಹಿಡಿಯೋದು ಕಲಿಯಲೇಬೇಕು. ಪಿಕ್ ಬಗ್ಗದಿದ್ದರೆ ಬೆರಳು ಬಗ್ಗಬೇಕು, ಅಷ್ಟೇ.

ತುದಿ ಚೂಪಾಗಿರಬೇಕೋ, ದುಂಡಗಿರಬೇಕೋ?

ದಪ್ಪದಷ್ಟೇ ಮುಖ್ಯವಾದ ವಿಷಯ ಇದು, ಯಾರೂ ಕೇಳೋದೇ ಇಲ್ಲ. ಚೂಪು ತುದಿ ತಂತಿಯ ಚಿಕ್ಕ ಜಾಗವನ್ನು ಮಾತ್ರ ಮುಟ್ಟುತ್ತದೆ, ಹಾಗಾಗಿ ಸದ್ದು ತೆಳ್ಳಗೆ, ಸ್ಪಷ್ಟವಾಗಿ ಬರುತ್ತದೆ. ದುಂಡು ತುದಿ ಅಗಲ ಜಾಗ ಮುಟ್ಟುತ್ತದೆ, ಆಗ ಮೇಲಿನ ಚುರುಕು ಅಂಶ ಕಮ್ಮಿಯಾಗಿ ಸದ್ದು ಮೆತ್ತಗಾಗುತ್ತದೆ.

ಪ್ರಯೋಗ ಮಾಡೋಕೆ ಬೇರೆ ಪಿಕ್ ಕೂಡ ಬೇಡ. ಕೈಯಲ್ಲಿರುವ ಪಿಕ್ ತಿರುಗಿಸಿ, ಅದರ ದುಂಡು ಭುಜದಿಂದ ನುಡಿಸಿ. ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಹೀಗೇ ದುಂಡು ಭಾಗದಿಂದ ನುಡಿಸುತ್ತಿದ್ದರು. ಅತ್ತ ಇನ್ನೊಬ್ಬ ಗಿಟಾರಿಸ್ಟ್ ಎರಿಕ್ ಜಾನ್ಸನ್ ಬಳಸುವ ಜಾಝ್ 3 ಅನ್ನೋ ಪಿಕ್ ನೋಡಿ: ಚಿಕ್ಕದು, 1.38 ಮಿ.ಮೀ. ದಪ್ಪ, ತುದಿ ಚೂಪು. ಒಂದೊಂದೇ ಸ್ವರ ವೇಗವಾಗಿ ನುಡಿಸುವವರಿಗೆ ಅದು ಅಚ್ಚುಮೆಚ್ಚು. ಸ್ಟ್ರಮ್ಮಿಂಗ್ ಮಾಡೋಕೆ ಹೋದರೆ ಬೆರಳ ಸಂದಿಯಿಂದ ಮಾಯವಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸದ್ದು ಕರ್ಕಶ ಅನ್ನಿಸಿದಾಗ ಮೊದಲು ತುದಿ ಬದಲಿಸಿ, ದಪ್ಪ ಆಮೇಲೆ.

ಯಾವ ವಸ್ತುವಿನ ಪಿಕ್ ಒಳ್ಳೆಯದು?

ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮಾರ್ಕ್ಸ್ ಕೊಡೋಕೆ ಆಗಲ್ಲ. ನಮ್ಮ ಕಡೆ ಕೈಗೆ ಸಿಗುವಂಥವುಗಳ ಬಗ್ಗೆ ಹೇಳುತ್ತೇನೆ.

ಸೆಲ್ಯುಲಾಯ್ಡ್ ಹಳೆಯ ಕಾಲದ್ದು. ನ್ಯೂಯಾರ್ಕ್‌ನ ಲುಯಿಜಿ ಡಿ'ಆಂಡ್ರಿಯಾ 1922ರಲ್ಲಿ ಸೆಲ್ಯುಲಾಯ್ಡ್‌ನಿಂದ ಪಿಕ್ ಮಾಡೋಕೆ ಶುರು ಮಾಡಿದ್ದು. ಇವತ್ತಿಗೂ ಎಲ್ಲರೂ 'ಮಾಮೂಲಿ ಆಕಾರ' ಅನ್ನೋ 351 ನಂಬರ್ ಆ ಕಂಪನಿಯ ಪಟ್ಟಿಯಿಂದಲೇ ಬಂದದ್ದು. ಸದ್ದು ಬೆಚ್ಚಗೆ, ಹಿತವಾಗಿರುತ್ತದೆ. ಬಾಳಿಕೆ ಕಮ್ಮಿ, ತುದಿ ಬೇಗ ಸವೆಯುತ್ತದೆ, ಒಮ್ಮೊಮ್ಮೆ ಸೀಳಿ ಹೋಗುತ್ತದೆ. ಅಸಲಿ ಸೆಲ್ಯುಲಾಯ್ಡ್ ಗುರುತಿಸೋಕೆ ಪ್ಯಾಂಟಿನ ಬಟ್ಟೆಗೆ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರುತ್ತದೆ. ಅದನ್ನು ತಯಾರಿಸುವಾಗ ಕರ್ಪೂರ ಹಾಕುತ್ತಾರೆ. ಕರ್ಪೂರದಷ್ಟೇ ಸುಲಭವಾಗಿ ಹೊತ್ತಿಕೊಳ್ಳುತ್ತದೆ ಕೂಡ, ದೇವರ ಮನೆಯ ದೀಪದ ಹತ್ತಿರ ಇಡಬೇಡಿ.

ನೈಲಾನ್ ಬಗ್ಗುತ್ತದೆ, ಸೀಳೋದು ಅಪರೂಪ. ಹಿಡಿಯುವ ಜಾಗದಲ್ಲಿ ಉಬ್ಬು ಚುಕ್ಕಿಗಳನ್ನೋ ಅಕ್ಷರಗಳನ್ನೋ ಅಚ್ಚು ಹಾಕಿರುತ್ತಾರೆ, ಬೆವರುವ ಕೈಗೆ ವರ. ಸದ್ದು ಮೆತ್ತಗೆ. ಅದೇ 0.73 ನೈಲಾನ್ ಪಿಕ್, 0.73 ಟಾರ್ಟೆಕ್ಸ್‌ಗಿಂತ ತೆಳುವಾಗಿದೆ ಅನ್ನಿಸುತ್ತದೆ, ಏಕೆಂದರೆ ಅದು ಹೆಚ್ಚು ಬಗ್ಗುತ್ತದೆ. ನೈಲಾನ್‌ಗೆ ಬರುವವರು ಒಂದು ಮೆಟ್ಟಿಲು ದಪ್ಪದ್ದು ತಗೊಳ್ಳೋದು ಒಳ್ಳೆಯದು.

ಡೆಲ್ರಿನ್, ಅಂದರೆ ಟಾರ್ಟೆಕ್ಸ್ ಮಾಡುವ ಅಸಿಟಾಲ್ ಪ್ಲಾಸ್ಟಿಕ್. ಯಂತ್ರಗಳ ಪುಟ್ಟ ಹಲ್ಲುಚಕ್ರಗಳಿಗೂ ಇದನ್ನೇ ಬಳಸುತ್ತಾರೆ. ಮೇಲ್ಮೈ ಮಂಕಾಗಿ, ಒರಟಾಗಿ ಇರುವುದರಿಂದ ಬೆರಳಿಗೆ ಕಚ್ಚಿಕೊಳ್ಳುತ್ತದೆ. ಬಗ್ಗಿಸಿ ಬಿಟ್ಟರೆ ಚುರುಕಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ಸದ್ದು ಸ್ಪಷ್ಟ, ಕಿವಿಗೆ ಚುಚ್ಚೋದಿಲ್ಲ. ಯಾವುದೂ ತಿಳಿಯದಿದ್ದಾಗ ನಾನು ಕೈಗೆ ಕೊಡೋದು ಇದನ್ನೇ.

ಅಲ್ಟೆಕ್ಸ್ ಅರೆಪಾರದರ್ಶಕವಾಗಿ, ಜೇನು ಬಣ್ಣದಲ್ಲಿರುತ್ತದೆ. ಗಟ್ಟಿ, ಸದ್ದು ಬಹಳ ಚುರುಕು, ನಿಧಾನವಾಗಿ ಸವೆಯುತ್ತದೆ. ದುಡ್ಡಿಗೆ ತಕ್ಕ ಬಾಳಿಕೆ ಬೇಕು ಅನ್ನುವವರಿಗೆ ಇದು. ಮೊದಲೇ ಕಿಣಿಕಿಣಿ ಅನ್ನುವ ಗಿಟಾರ್ ಇದ್ದರೆ ಮಾತ್ರ ಯೋಚಿಸಿ.

ಅಕ್ರಿಲಿಕ್ ಪಿಕ್‌ಗಳು ದಪ್ಪಗೆ, ಗಾಜಿನಂತೆ ಕಾಣುತ್ತವೆ. ಬೆರಳಿನ ಬಿಸಿಗೆ ಸ್ವಲ್ಪ ಅಂಟಿಕೊಂಡು ಕೂರುತ್ತವೆ. ಮರದವು ಉಕ್ಕಿನ ತಂತಿಗೆ ಹೆಚ್ಚು ದಿನ ತಡೆಯಲ್ಲ. ಲೋಹದವು ಪಿಕ್ ಬದಲು ತಂತಿಯನ್ನು ಸವೆಸುತ್ತವೆ. ಹಾಗಂತ ಲೋಹ ಬೇಡವೇ ಬೇಡ ಅಂತೇನಿಲ್ಲ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಹಳೆಯ ಬ್ರಿಟಿಷ್ ಆರು ಪೆನ್ಸ್ ನಾಣ್ಯದಿಂದ ನುಡಿಸುತ್ತಾರೆ. ಅದರ ಅಂಚಿನ ಗೀರುಗಳು ತಂತಿಗೆ ಉಜ್ಜಿ ಬರುವ ಕರಕರ ಅವರ ಸದ್ದಿನ ಒಂದು ಭಾಗವೇ ಆಗಿದೆ. ನಮ್ಮ ಒಂದು ರೂಪಾಯಿ ನಾಣ್ಯದಲ್ಲಿ ಪ್ರಯತ್ನಿಸುವವರು ಹಳೇ ತಂತಿಯ ಮೇಲೆ ಪ್ರಯತ್ನಿಸಿ.

ಆಮೆ ಚಿಪ್ಪಿನ ಪಿಕ್ ಎಲ್ಲಕ್ಕಿಂತ ಶ್ರೇಷ್ಠ ಅಂತಾರಲ್ಲ?

ಒಂದು ಕಾಲದಲ್ಲಿ ಹಾಕ್ಸ್‌ಬಿಲ್ ಅನ್ನೋ ಕಡಲಾಮೆಯ ಚಿಪ್ಪಿನಿಂದ ಪಿಕ್ ಮಾಡುತ್ತಿದ್ದರು. ಆ ಆಮೆ ಅಳಿವಿನ ಅಂಚಿಗೆ ಬಂತು. ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಸೈಟ್ಸ್ ಒಪ್ಪಂದದ ಪ್ರಕಾರ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಯಾರಾದರೂ ಮಾರೋಕೆ ಬಂದರೆ ದೂರ ಇರಿ. ಅಂಗಡಿಯಲ್ಲಿ 'ಟಾರ್ಟಾಯ್ಸ್' ಅಂತ ಕಂದು ಮಚ್ಚೆಯ ಪಿಕ್ ಸಿಗುತ್ತದಲ್ಲ, ಅದು ಬರೀ ಬಣ್ಣ. ಸೆಲ್ಯುಲಾಯ್ಡ್‌ಗೆ ಆ ಚಿಪ್ಪಿನ ವೇಷ ಹಾಕಿರುತ್ತಾರೆ.

ತೆಂಗಿನ ಕರಟದಲ್ಲಿ ಪಿಕ್ ಮಾಡಬಹುದಾ?

ತಿಪಟೂರಿನ ಹುಡುಗರು ಕೇಳದೆ ಬಿಡದ ಪ್ರಶ್ನೆ. ಮಾಡಬಹುದು, ಮತ್ತು ಇದು ಸುಮ್ನೆ ತಮಾಷೆಯ ಮಾತಲ್ಲ. ಸರೋದ್ ವಾದಕರು ತಂತಿ ಮೀಟುವ 'ಜವಾ' ಮಾಡೋದೇ ತೆಂಗಿನ ಕರಟದಿಂದ. ಉಕ್ಕಿನ ತಂತಿಯ ಮೇಲೆ ಅದು ಹೇಗೆ ನುಡಿಯುತ್ತದೆ ಅನ್ನೋದಕ್ಕೆ ಸರೋದ್‌ಗಿಂತ ಬೇರೆ ಸಾಕ್ಷಿ ಬೇಕಾ? ಕೊಬ್ಬರಿಗೆ ಹೆಸರಾದ ತಾಲ್ಲೂಕಿನಲ್ಲಿ ಕರಟಕ್ಕೇನು ಬರ, ರಾಶಿ ರಾಶಿ ಇದ್ದಿಲಿಗೆ ಹೋಗುತ್ತದೆ.

ಮಾಡುವ ರೀತಿ ಹೀಗೆ. ಚೆನ್ನಾಗಿ ಬಲಿತು ಒಣಗಿದ, ಬಿರುಕಿಲ್ಲದ ಕರಟ ಆರಿಸಿಕೊಳ್ಳಿ. ಕಣ್ಣಿರುವ ಕಡೆ ಬಾಗು ಜಾಸ್ತಿ. ನಡುವಿನ ಹೊಟ್ಟೆ ಭಾಗದಲ್ಲಿ ಸ್ವಲ್ಪ ಚಪ್ಪಟೆ ಜಾಗ ಸಿಗುತ್ತದೆ, ಅಲ್ಲಿಂದ ತೆಗೆಯಿರಿ. ದೊಡ್ಡ ಕಾಯಿಯಾದಷ್ಟೂ ಒಳ್ಳೆಯದು. ನಿಮ್ಮ ಹಳೆಯ ಪಿಕ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗೆರೆಗಿಂತ ಸ್ವಲ್ಪ ಹೊರಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಿರಿ. ಸುತ್ತಿಗೆಯಲ್ಲಿ ಹೊಡೆದು ಆಕಾರ ತರೋಕೆ ಹೋಗಬೇಡಿ, ಕಾಣದ ಬಿರುಕು ಉಳಿದು ಆಮೇಲೆ ನುಡಿಸುವಾಗ ಮುರಿಯುತ್ತದೆ.

ಆಮೇಲೆ ಕೆಲಸವೆಲ್ಲ ಸ್ಯಾಂಡ್ ಪೇಪರ್‌ದು. 120 ನಂಬರಿನಲ್ಲಿ ಹೊರಗಿನ ನಾರು, ಒಳಗಿನ ಕಂದು ಸಿಪ್ಪೆ ಎಲ್ಲ ಹೋಗುವವರೆಗೆ ಉಜ್ಜಿ. ಹಿಡಿಯುವ ಜಾಗ 2 ಮಿ.ಮೀ. ಇರಲಿ. ತುದಿಯ ಕಡೆ ಇಳಿಜಾರು ಮಾಡುತ್ತಾ 1.5 ಮಿ.ಮೀ.ಗೆ ನಿಲ್ಲಿಸಿ. ಅದಕ್ಕಿಂತ ತೆಳು ಮಾಡಿದರೆ ಚಕ್ಕೆ ಏಳುತ್ತದೆ. ನಂತರ 240, 400, 800. ಅಂಚನ್ನು ಉಗುರಿನ ಮೇಲೆ ಎಳೆದು ನೋಡಿ, ಎಲ್ಲೂ ತಡೆಯಬಾರದು. ಕೊನೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ ಒಂದು ರಾತ್ರಿ ಬಿಡಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಗಂಟಲಿಗೆ ಒಳ್ಳೆಯದಲ್ಲ.

ಕರಟದ ಬಾಗು ಉಳಿದೇ ಉಳಿಯುತ್ತದೆ. ಒಳಗಿನ ತಗ್ಗಿಗೆ ಹೆಬ್ಬೆರಳು ಕೂರುವಂತೆ ಹಿಡಿದರೆ ಹಿಡಿತಕ್ಕೆ ಅದೇ ಲಾಭ. ಸದ್ದಿನಲ್ಲಿ ಪ್ಲಾಸ್ಟಿಕ್ಕಿನ 'ಟಿಕ್' ಇರೋದಿಲ್ಲ, ಮಧ್ಯದ ಸ್ವರಗಳು ಗುಂಡಗೆ ಬರುತ್ತವೆ. ಬಾಳಿಕೆ ಮಾತ್ರ ಡೆಲ್ರಿನ್‌ನಷ್ಟಿಲ್ಲ. ಆಗಾಗ 800ರ ಪೇಪರ್‌ನಲ್ಲಿ ತುದಿ ತೀಡಿಕೊಳ್ಳಬೇಕು. ಸ್ಟ್ರಮ್ಮಿಂಗ್‌ಗೆ ನಾನು ಇದನ್ನು ಹೇಳಲ್ಲ. ನಿಧಾನದ ಮೆಲೊಡಿಗೆ ತುಂಬಾ ಚೆನ್ನಾಗಿದೆ.

ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಬಳಸಿದರೆ?

ತುರ್ತಿಗೆ ಆಗುತ್ತದೆ. ಬ್ಯಾಂಕ್ ಕಾರ್ಡ್‌ಗಳ ದಪ್ಪ ಲೋಕಕ್ಕೆಲ್ಲ ಒಂದೇ, 0.76 ಮಿ.ಮೀ. ಅಂದರೆ ಸರಿಯಾಗಿ ಮೀಡಿಯಂ ಪಿಕ್. ಆದರೆ ಅದು ಪಿವಿಸಿ, ಮೆತ್ತಗಿನ ಪ್ಲಾಸ್ಟಿಕ್. ಸದ್ದು ಮಂಕು, ತುದಿ ಬೇಗ ನೆಗ್ಗುತ್ತದೆ. ಕತ್ತರಿಸಿದ ಅಂಚನ್ನು ಸ್ಯಾಂಡ್ ಪೇಪರ್‌ನಲ್ಲಿ ನುಣುಪು ಮಾಡದೆ ನುಡಿಸಿದರೆ ಕರಕರ ಅನ್ನುತ್ತದೆ. ಚಿಪ್ ಇರುವ ಭಾಗ, ನಂಬರ್ ಇರುವ ಭಾಗವನ್ನು ಚೂರು ಚೂರು ಮಾಡಿ ಎಸೆಯಿರಿ, ಅದನ್ನು ಪಿಕ್ ಮಾಡಿ ಊರೆಲ್ಲ ತೋರಿಸಬೇಡಿ.

ಬೇಸಿಗೆಯಲ್ಲಿ ಕೈ ಬೆವರಿ ಪಿಕ್ ಜಾರುತ್ತದೆ. ಏನು ಮಾಡಲಿ?

ಏಪ್ರಿಲ್ ತಿಂಗಳಲ್ಲಿ ಪಾವಗಡದಿಂದ ಬರುವವರ ದೂರು ಇದು, ನ್ಯಾಯವಾದದ್ದೇ. ಮೊದಲು ಉಬ್ಬು ಚುಕ್ಕಿಯ ನೈಲಾನ್ ಪಿಕ್ ನೋಡಿ. ಇರುವ ಪಿಕ್ಕನ್ನೇ ಉಳಿಸಿಕೊಳ್ಳಬೇಕಾದರೆ ಹಿಡಿಯುವ ಜಾಗಕ್ಕೆ ಎರಡೂ ಕಡೆ 120ರ ಸ್ಯಾಂಡ್ ಪೇಪರ್‌ನಲ್ಲಿ ಅಡ್ಡಡ್ಡ, ಉದ್ದುದ್ದ ಗೀರಿ. ತುದಿ ಮುಟ್ಟಬೇಡಿ. ನಡುವೆ ಒಂದು ತೂತು ಕೊರೆದರೂ ಆಗುತ್ತದೆ, ಹೆಬ್ಬೆರಳ ಚರ್ಮ ಆ ತೂತಿಗೆ ಸ್ವಲ್ಪ ಇಳಿದು ಹಿಡಿತ ಸಿಗುತ್ತದೆ. ಪೌಡರ್ ಹಾಕಿಕೊಳ್ಳೋದು ಬೇಡ, ಐದು ನಿಮಿಷಕ್ಕೆ ಅದು ತಂತಿಯ ಮೇಲೆ ಪೇಸ್ಟ್ ಆಗುತ್ತದೆ.

ಇನ್ನೊಂದು ಮಾತು. ಪಿಕ್ ತಿರುಗಿ ತಿರುಗಿ ಹೋಗೋದಕ್ಕೆ ಬಹಳ ಸಲ ಬೆವರು ಕಾರಣ ಅಲ್ಲ. ಪಿಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ತಂತಿಯೊಳಗೆ ಇಳಿಸಿ ಹೊಡೆದರೆ ಯಾವ ಪಿಕ್ಕಾದರೂ ತಿರುಗುತ್ತದೆ. ಬೆರಳಿನಿಂದ ಹೊರಗೆ ನಾಲ್ಕೈದು ಮಿಲಿಮೀಟರ್ ಕಂಡರೆ ಸಾಕು.

ಪಿಕ್ ಚೆನ್ನಾಗಿದೆ, ಆದರೂ ದಪ್ಪ ತಂತಿಗಳ ಮೇಲೆ ಉಜ್ಜುವ ಸದ್ದು ಬರುತ್ತದೆ. ಯಾಕೆ?

ಪಿಕ್ಕನ್ನು ತಂತಿಗೆ ಚಪ್ಪಟೆಯಾಗಿ ಹಿಡಿಯದೆ ಓರೆಯಾಗಿ ಹಿಡಿದಿದ್ದೀರಿ. ದಪ್ಪಗಿನ ಮೂರು ನಾಲ್ಕು ತಂತಿಗಳ ಮೇಲೆ ಕಂಚಿನ ತೆಳು ಎಳೆ ಸುತ್ತಿರುತ್ತಾರೆ. ಓರೆ ಅಂಚು ಆ ಸುತ್ತುಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಓರೆ ಬೇಕು, ಅದಿಲ್ಲದೆ ಪಿಕ್ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಕರಕರ. ಅಂಚು ದುಂಡು ಮಾಡಿದ ಪಿಕ್‌ನಲ್ಲಿ ಇದು ಕಮ್ಮಿ.

ಒಂದು ಪಿಕ್ ಎಷ್ಟು ದಿನ ಬರಬೇಕು?

ದಿನಕ್ಕೆ ಅರ್ಧ ಗಂಟೆ ಮೆಲ್ಲಗೆ ನುಡಿಸುವವರಿಗೆ ತಿಂಗಳುಗಟ್ಟಲೆ ಬರುತ್ತದೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ರಾತ್ರಿಯೆಲ್ಲ ಸ್ಟ್ರಮ್ಮಿಂಗ್ ಮಾಡುವ ಆರ್ಕೆಸ್ಟ್ರಾದವರಿಗೆ ತೆಳು ಸೆಲ್ಯುಲಾಯ್ಡ್ ಒಂದೇ ರಾತ್ರಿಗೆ ಮುಗಿಯಬಹುದು. ಹಾಗಾಗಿ ದಿನ ಎಣಿಸಬೇಡಿ, ತುದಿ ನೋಡಿ.

ಬಳಸಿದ ಪಿಕ್ಕೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ನಿಮ್ಮ ಕೈಯ ಚರಿತ್ರೆಯೆಲ್ಲ ಅಲ್ಲಿರುತ್ತದೆ. ತುದಿ ಎರಡೂ ಕಡೆ ಸಮನಾಗಿ ಸವೆದಿರೋದಿಲ್ಲ. ಒಂದು ಪಕ್ಕ ಚಿಕ್ಕದಾಗಿ ಓರೆ ಕೊಯ್ದಂತೆ ಆಗಿರುತ್ತದೆ, ಅದು ನಿಮ್ಮ ಡೌನ್ ಸ್ಟ್ರೋಕ್ (ಕೆಳಮುಖದ ಹೊಡೆತ) ತಾಗುವ ಜಾಗ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳು ಸಾಲಾಗಿ ಕಾಣುತ್ತವೆ. ಸುತ್ತು ತಂತಿ ಅರದ ಹಾಗೆ ಕೆಲಸ ಮಾಡಿರುತ್ತದೆ. ಹೊಳೆಯುವ ಪಿಕ್ ಆದರೆ ಸವೆದ ಜಾಗ ಮಾತ್ರ ಬೆಳ್ಳಗೆ, ಮಂಕಾಗಿರುತ್ತದೆ. ಕಪ್ಪು ಬಣ್ಣದ ಗಿಟಾರ್ ಇದ್ದವರು ಸೌಂಡ್ ಹೋಲ್ (ಗಿಟಾರ್ ಮೈಯಲ್ಲಿರುವ ದುಂಡು ತೂತು) ಸುತ್ತ ಬೆರಳು ಎಳೆದು ನೋಡಿ, ಪಿಕ್ಕಿನ ಪುಡಿ ಅಂಟುತ್ತದೆ. ಹಳದಿ ಪಿಕ್ ಆದರೆ ಹಳದಿ ಪುಡಿ.

ಕೈ ಓರೆ ಎಷ್ಟಿದೆ, ಹೊಡೆತ ಎಷ್ಟು ಜೋರು ಅನ್ನೋದನ್ನು ಈ ಸವೆತ ನೋಡಿಯೇ ಹೇಳಬಹುದು. ಸವೆತ ತುದಿಯಿಂದ ತುಂಬಾ ಮೇಲಕ್ಕೆ ಹೋಗಿದ್ದರೆ ನೀವು ಪಿಕ್ ಆಳಕ್ಕೆ ಇಳಿಸುತ್ತಿದ್ದೀರಿ.

ಯಾವಾಗ ಬಿಡಬೇಕು? ಕಚ್ಚುಗಳು ತಂತಿಗೆ ಸಿಕ್ಕಿ ಕೈ ತಡೆಯೋಕೆ ಶುರುವಾದಾಗ, ಸೀಳು ಕಂಡಾಗ. ಬರೀ ದುಂಡಗಾಗಿದ್ದರೆ ಬಿಡಬೇಕಾಗಿಲ್ಲ, ಆ ಮೆತ್ತನೆ ಸದ್ದು ನಿಮಗೇ ಇಷ್ಟವಾಗಬಹುದು. ಮಾಮೂಲಿ ಆಕಾರದ ಪಿಕ್ಕಿಗೆ ಇನ್ನೂ ಎರಡು ಮೂಲೆ ಇವೆ ಅನ್ನೋದನ್ನೂ ಮರೆಯಬೇಡಿ.

ಸವೆದ ಪಿಕ್ಕನ್ನು ಸರಿ ಮಾಡಬಹುದಾ?

ದಪ್ಪದ್ದನ್ನು ಮಾಡಬಹುದು. 400ರ ಸ್ಯಾಂಡ್ ಪೇಪರ್ ಮೇಜಿನ ಮೇಲೆ ಹರಡಿ, ಎರಡೂ ಅಂಚನ್ನು ಸಮನಾಗಿ ಉಜ್ಜಿ ತುದಿಯ ಆಕಾರ ವಾಪಸ್ ತನ್ನಿ. ಆಮೇಲೆ 1000, ಸಿಕ್ಕರೆ 2000. ಕೊನೆಗೆ ಜೀನ್ಸ್ ಬಟ್ಟೆಯ ಮೇಲೆ ಒಂದೆರಡು ನಿಮಿಷ ಜೋರಾಗಿ ಉಜ್ಜಿದರೆ ಅಂಚು ಹೊಳೆಯುತ್ತದೆ. ಸ್ಯಾಂಡ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, 1000, 2000 ಬೇಕಾದರೆ ಗಾಡಿ ಪೇಂಟಿಂಗ್ ಸಾಮಾನು ಮಾರುವ ಕಡೆ ಕೇಳಿ. 0.60ಕ್ಕಿಂತ ತೆಳುವಿನ ಮೇಲೆ ಈ ಶ್ರಮ ದಂಡ.

ಭಾವಗೀತೆಗೆ ಗಿಟಾರ್ ಹಿಡಿಯುತ್ತೇನೆ. ಹಾಡುವವರು 'ಗಿಟಾರ್ ಜೋರಾಯ್ತು' ಅಂತಾರೆ.

ಪಿಕ್ಕಿನ ದಪ್ಪ ಇಳಿಸಿ, ವಾಲ್ಯೂಮ್ ಅಲ್ಲ. 0.46 ಅಥವಾ 0.50ರ ಪಿಕ್‌ನಲ್ಲಿ ಸ್ಟ್ರಮ್ ಮಾಡಿದರೆ ಕೆಳಗಿನ ಸ್ವರಗಳ ಗುಂಗು ಕಮ್ಮಿಯಾಗಿ, ಹಾಡುವವರ ದನಿಗೆ ಜಾಗ ಸಿಗುತ್ತದೆ. ತಬಲಾದ ಎಡಗೈ ಡಗ್ಗದ ಸದ್ದಿನ ಮೇಲೂ ನೀವು ಬೀಳೋದಿಲ್ಲ. ಮೈಕ್ ತುಂಬಾ ಹತ್ತಿರ ಇದ್ದರೆ ತೆಳು ಪಿಕ್ಕಿನ ಟಪಟಪ ಕೇಳಿಸುತ್ತದೆ. ಮೈಕನ್ನು ಸೌಂಡ್ ಹೋಲ್‌ನಿಂದ ಕುತ್ತಿಗೆ ಕಡೆಗೆ ಸರಿಸಿ. ನಡುವೆ ಬಿಡಿ ಸ್ವರಗಳ ತುಣುಕು ನುಡಿಸಬೇಕಾದರೆ ಒಂದು 0.88 ಜೇಬಿನಲ್ಲಿ ಇರಲಿ.

ಚರ್ಚ್ ಸರ್ಕಲ್ ಕಡೆ ಭಾನುವಾರ ಕಾಯರ್ (ಹಾಡುವವರ ಗುಂಪು) ಜೊತೆ ನುಡಿಸುವವರಿಗೆ ಇದರ ಉಲ್ಟಾ ಸಮಸ್ಯೆ. ಇಪ್ಪತ್ತು ಮೂವತ್ತು ದನಿಗಳ ಮಧ್ಯೆ ಗಿಟಾರ್ ಕೇಳಿಸಲ್ಲ. ಅವರು 0.73ರಿಂದ 0.88ಕ್ಕೆ ಏರಲಿ.

ಎಲೆಕ್ಟ್ರಿಕ್ ಗಿಟಾರ್, ಬಾಸ್, ಮ್ಯಾಂಡೊಲಿನ್, ಯುಕುಲೆಲೆಗೆ?

ಎಲೆಕ್ಟ್ರಿಕ್ ತಂತಿ ತೆಳು, ಆಕ್ಷನ್ (ಕುತ್ತಿಗೆಯ ಮೇಲೆ ತಂತಿಯ ಎತ್ತರ) ಕೆಳಗಿರುತ್ತದೆ, ಹಾಗಾಗಿ 0.88ರಿಂದ 1.5ರವರೆಗೆ ದಪ್ಪದ್ದೇ ಹಿಡಿತಕ್ಕೆ ಬರುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿದಾಗ ತೆಳು ಪಿಕ್ ಕೆಸರು ಮಾಡುತ್ತದೆ. ಬಾಸ್‌ಗೆ 1 ಮಿ.ಮೀ. ಮೇಲಿನದು, ಸ್ವಲ್ಪ ದೊಡ್ಡ ತ್ರಿಕೋನ ಆಕಾರದ್ದು. ಮ್ಯಾಂಡೊಲಿನ್‌ನಲ್ಲಿ ತಂತಿಗಳು ಜೋಡಿಯಾಗಿ, ಬಿಗಿಯಾಗಿ ಇರುತ್ತವೆ. 1ರಿಂದ 1.5ರ ಒಳಗೆ, ದುಂಡು ತುದಿಯದ್ದು ನೋಡಿ. ಯುಕುಲೆಲೆಗೆ ಬೆರಳೇ ಚೆಂದ, ಬೇಕೇ ಬೇಕು ಅಂದರೆ ಉಣ್ಣೆಯ ಫೆಲ್ಟ್ ಪಿಕ್.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಪಿಕ್ ಬಳಸಿದರೆ ಹಾಳಾಗುತ್ತದಾ?

ತಂತಿ ಹಾಳಾಗೋದು ಕಮ್ಮಿ, ಮರಕ್ಕೆ ಗೀರು ಬೀಳೋದು ಜಾಸ್ತಿ. ಆ ಗಿಟಾರ್‌ಗಳಲ್ಲಿ ಸೌಂಡ್ ಹೋಲ್ ಪಕ್ಕ ಪಿಕ್ ಗಾರ್ಡ್ (ಗೀರು ತಡೆಯುವ ಪ್ಲಾಸ್ಟಿಕ್ ಹಾಳೆ) ಇರೋದಿಲ್ಲ. ಆ ಶೈಲಿಯ ಪದ್ಧತಿ ಬೆರಳು ಮತ್ತು ಉಗುರು. ಪರೀಕ್ಷೆಗೆ ಕಟ್ಟುವವರು ಪಿಕ್ ಮುಟ್ಟದೇ ಇರೋದು ಒಳ್ಳೆಯದು.

ಮೂರು ಸಾವಿರ ರೂಪಾಯಿಯ ಪಿಕ್ ಕೂಡ ಇದೆಯಂತೆ. ಅದರಲ್ಲಿ ಏನಿದೆ?

ಇದೆ. ಬ್ಲೂಚಿಪ್ ಅನ್ನೋ ಅಮೆರಿಕದ ಕಂಪನಿ ಪಾಲಿಇಮೈಡ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತದೆ. ಅದು ಯಂತ್ರಗಳಲ್ಲಿ ಬಿಸಿ, ಘರ್ಷಣೆ ತಡೆಯೋಕೆ ತಯಾರಾದ ವಸ್ತು, ಅದಕ್ಕೇ ದುಬಾರಿ. ತಂತಿಯ ಮೇಲೆ ಜಾರುತ್ತದೆ, ಸವೆಯೋದು ಬಹಳ ನಿಧಾನ. ಬ್ಲೂಗ್ರಾಸ್ ಅನ್ನೋ ಅಮೆರಿಕದ ಜನಪದ ಶೈಲಿ ನುಡಿಸುವವರು ಇಷ್ಟಪಡುತ್ತಾರೆ. ಪಿಕ್ ಕಳೆಯದವರು ಮಾತ್ರ ಯೋಚಿಸಬೇಕಾದ ವಸ್ತು. ಅದೇ ದುಡ್ಡಿಗೆ ಹಲವು ಸೆಟ್ ತಂತಿ ಬರುತ್ತದೆ, ಗಿಟಾರ್‌ಗೆ ಒಂದು ಸೆಟ್ಟಿಂಗೂ ಮಾಡಿಸಬಹುದು. ನಾನಾದರೆ ಅದಕ್ಕೇ ಹಾಕುತ್ತೇನೆ.

ಬೆಂಗಳೂರಿಗೇ ಹೋಗಬೇಕಾ, ಇಲ್ಲೇ ಸಿಗುತ್ತದಾ?

ಮೀಡಿಯಂ ಪಿಕ್‌ಗಳು ತುಮಕೂರಿನ ಸಂಗೀತ ವಾದ್ಯದ ಅಂಗಡಿಗಳಲ್ಲೇ ಸಿಗುತ್ತವೆ. ಡಬ್ಬಿಯಲ್ಲಿ ಎಲ್ಲ ಕಲಸಿಟ್ಟಿರುತ್ತಾರೆ, ಅಂಕಿ ಓದಿ ಹೆಕ್ಕಿಕೊಳ್ಳಿ. ಅಂಕಿ ಇಲ್ಲದಿದ್ದರೆ ಬೆರಳಲ್ಲಿ ಬಗ್ಗಿಸಿ ನೋಡಿ. ಜಾಝ್ 3, ಅಲ್ಟೆಕ್ಸ್ ತರದ್ದು ಬೇಕಾದರೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಗೆಳೆಯರು ಯಾರಿಗಿಲ್ಲ ಹೇಳಿ, ಅವರಿಗೆ ಒಂದು ಚೀಟಿ ಬರೆದು ಕೊಡಿ. ಚೀಟಿಯಲ್ಲಿ ದಪ್ಪ, ಆಕಾರ, ವಸ್ತು ಮೂರೂ ಇರಲಿ. 'ಒಳ್ಳೆಯದು ತಾ' ಅಂತ ಹೇಳಿ ಕಳಿಸಿದರೆ ಅಂಗಡಿಯವರಿಗೆ ಒಳ್ಳೆಯದಾದದ್ದು ಬರುತ್ತದೆ.

ಆನ್‌ಲೈನಿನಲ್ಲಿ ನೂರು ಪಿಕ್ಕಿನ ಪ್ಯಾಕೆಟ್ ಅಗ್ಗಕ್ಕೆ ಕಾಣುತ್ತದೆ. ಒಮ್ಮೆ ನನಗೆ ಬಂದದ್ದರಲ್ಲಿ 0.71 ಅಂತ ಅಚ್ಚಾಗಿದ್ದ ಎರಡು ಪಿಕ್ ಬಗ್ಗಿಸಿದರೆ ಎರಡು ತರ ಬಗ್ಗುತ್ತಿದ್ದವು. ಅದರ ಬದಲು ಬೇರೆ ಬೇರೆ ದಪ್ಪದ ಆರು ಪಿಕ್ಕಿನ ವೆರೈಟಿ ಪ್ಯಾಕ್ ತಗೊಂಡರೆ ಕಲಿಯೋದೂ ಇದೆ.

ನಾನು ಎಡಗೈಯವನು. ಬೇರೆ ಪಿಕ್ ಬೇಕಾ?

ಮಾಮೂಲಿ ಪಿಕ್ ಎರಡು ಕಡೆಯೂ ಒಂದೇ, ಏನೂ ವ್ಯತ್ಯಾಸ ಇಲ್ಲ. ಅಂಚನ್ನು ಒಂದೇ ದಿಕ್ಕಿಗೆ ಓರೆ ಮಾಡಿದ ದುಬಾರಿ ಪಿಕ್ ತಗೊಳ್ಳುವಾಗ ಮಾತ್ರ ಎಡಗೈಯದ್ದು ಅಂತ ಕೇಳಿ ತಗೊಳ್ಳಿ.

ಪಿಕ್ ಗಿಟಾರ್ ಒಳಗೆ ಬಿತ್ತು. ಹೇಗೆ ತೆಗೆಯಲಿ?

ತಲೆಕೆಳಗೆ ಮಾಡಿ ಸುಮ್ನೆ ಅಲ್ಲಾಡಿಸಿದರೆ ಬರಲ್ಲ, ಒಳಗಿನ ಮರದ ಪಟ್ಟಿಗಳಿಗೆ ತಗುಲಿಕೊಂಡು ನಿಲ್ಲುತ್ತದೆ. ಮೊದಲು ಗಿಟಾರನ್ನು ಮಲಗಿಸಿ, ನಿಧಾನವಾಗಿ ವಾಲಿಸುತ್ತಾ ಪಿಕ್ ಸರಿಯಾಗಿ ಸೌಂಡ್ ಹೋಲ್ ಕೆಳಗೆ ಬರುವಂತೆ ಮಾಡಿ. ಕಣ್ಣಿಗೆ ಕಂಡ ಮೇಲೆ ಒಂದೇ ಸಲಕ್ಕೆ ಚಕ್ಕನೆ ತಿರುಗಿಸಿ. ಆಗಲೂ ಬರದಿದ್ದರೆ ಸ್ಕೇಲಿನ ತುದಿಗೆ ಡಬಲ್ ಸೈಡ್ ಟೇಪ್ ಅಂಟಿಸಿ, ತಂತಿಗಳ ಸಂದಿಯಿಂದ ಇಳಿಸಿ ಒತ್ತಿ ಎತ್ತಿ. ಪಿಕಪ್ (ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಇರುವ ಗಿಟಾರ್ ಆದರೆ ಒಳಗಿನ ವೈರ್‌ಗೆ ಸ್ಕೇಲ್ ತಾಗದಂತೆ ನೋಡಿಕೊಳ್ಳಿ. ಇದಕ್ಕಾಗಿ ತಂತಿ ಬಿಚ್ಚಬೇಕಾಗಿಲ್ಲ.